ರನ್‌ವೇ ಮೇಲೆ ತೂರದೆ ಉಳಿದ ರಾಗಿ

ಟವರ್ ಇಲ್ಲದ ಕಡೆ ವಿಮಾನ ಹಾರಿಸುವುದನ್ನು ಕಲಿಸುತ್ತೇನೆ ಎಂದರೆ ತಿಪಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಪರಿಚಯದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಹಾಗಾದರೆ ಇಳಿಯಿರಿ, ಏರಿ ಅಂತ ಹೇಳುವವರು ಯಾರು? ಯಾರೂ ಇಲ್ಲ ಎನ್ನುತ್ತೇನೆ. ಅವರು ನನ್ನನ್ನು ಒಂದು ಥರ ನೋಡುತ್ತಾರೆ, ಅಷ್ಟರಲ್ಲಿ ಬಸ್ಸು ಬರುತ್ತದೆ.

ವಿಷಯ ಅಷ್ಟೇನೂ ಕಷ್ಟದ್ದಲ್ಲ. ಎಲ್ಲ ಪೈಲಟ್‌ಗಳೂ ಒಂದೇ ರೇಡಿಯೊ ಚಾನೆಲ್‌ನಲ್ಲಿರುತ್ತಾರೆ. ನಾನು ಇಷ್ಟು ದೂರದಲ್ಲಿದ್ದೇನೆ, ಈ ಕಡೆಯಿಂದ ಇಳಿಯುತ್ತೇನೆ ಎಂದು ಪ್ರತಿಯೊಬ್ಬರೂ ಹೇಳಿಕೊಳ್ಳಬೇಕು, ಉಳಿದವರು ಕೇಳಿಸಿಕೊಳ್ಳಬೇಕು. ಕಂಬದ ಮೇಲಿನ ಗಾಳಿಚೀಲ ನೋಡಿ, ಗಾಳಿಗೆ ಎದುರಾಗಿ ಇಳಿಯಬೇಕು, ಗಾಳಿಗೆ ಎದುರಾಗಿಯೇ ಏರಬೇಕು. ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಇನ್ನೊಂದು ಮಾತು ಹೇಳುತ್ತಿದ್ದೆ. ಗುಂಡಿ ಒತ್ತಿ ಮಾತಾಡುವಾಗ ನಿಮಗೆ ಬೇರೆಯವರದ್ದು ಕೇಳುವುದಿಲ್ಲ. ಇಬ್ಬರು ಒಟ್ಟಿಗೆ ಒತ್ತಿದರೆ ಯಾರದ್ದೂ ಯಾರಿಗೂ ನೆಟ್ಟಗೆ ಕೇಳುವುದಿಲ್ಲ. ಆದ್ದರಿಂದ ಚಿಕ್ಕದಾಗಿ ಹೇಳಿ, ಬೆರಳು ತೆಗೆಯಿರಿ. ಇದನ್ನು ನೂರಾರು ಸಲ ಹೇಳಿದ ಬಾಯಿ ಇದು. ಈಗ ಬರೆಯುವ ಸಂಗತಿ ಅದೇ ಬಾಯಿಯದು.

ನಮ್ಮ ಏರ್‌ಸ್ಟ್ರಿಪ್ ಹಂದನಕೆರೆ ದಾಟಿದ ಮೇಲಿನ ಬಯಲಿನಲ್ಲಿದೆ. ಸುಮಾರು ಒಂದು ಕಿಲೋಮೀಟರ್ ಟಾರು, ಮೂಡಲಿಂದ ಪಡುವಲಿಗೆ. ಮೂಡಲ ತುದಿಯ ಆಚೆ ತೆಂಗಿನ ತೋಟಗಳು, ಪಡುವಲ ತುದಿಯಲ್ಲಿ ರಾಗಿ ಹೊಲ, ಅದರಾಚೆ ಕುರಿ ಸಾಕುವವರ ಒಂದು ಹಟ್ಟಿ. ನಡುವೆ ಒಂದು ತಗಡಿನ ಶೆಡ್ಡು, ಅದರ ಮುಂದೆ ಸಿಮೆಂಟಿನ ಕಟ್ಟೆ, ಪಕ್ಕದಲ್ಲಿ ಗಾಳಿಚೀಲದ ಕಂಬ. ಎರಡು ವಿಮಾನ, ಒಬ್ಬ ಮೆಕ್ಯಾನಿಕ್, ಐದಾರು ವಿದ್ಯಾರ್ಥಿಗಳು, ಕಲಿಸಲು ನಾನೊಬ್ಬ.

ಹಟ್ಟಿಯವರಿಗೂ ನನಗೂ ಒಂದು ಒಪ್ಪಂದವಿತ್ತು. ಕಾಗದದ್ದಲ್ಲ, ಬಾಯಿಮಾತಿನದು. ನಮ್ಮ ಕಡೆ ಈಗ ಸಗಣಿ ಸಾರಿಸಿ ಕಣ ಮಾಡುವವರು ಕಡಿಮೆ. ರಾಗಿ ತೆನೆಯನ್ನು ಟಾರು ರಸ್ತೆಗೆ ಹರಡಿದರೆ ಬಸ್ಸು ಲಾರಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಹಟ್ಟಿಗೆ ಟಾರು ರಸ್ತೆ ಇರಲಿಲ್ಲ, ಇದ್ದ ಟಾರೆಲ್ಲ ನಮ್ಮದೇ. ಭಾನುವಾರ ನಾವು ಹಾರಿಸುವುದಿಲ್ಲ. ಹಾಗಾಗಿ ಸುಗ್ಗಿಯ ಭಾನುವಾರಗಳಲ್ಲಿ ರನ್‌ವೇಯ ಪಡುವಲ ತುದಿಯಲ್ಲಿ ರಾಗಿ ಹರಡಿ, ಒಂದು ಟ್ರ್ಯಾಕ್ಟರ್ ಓಡಿಸಿ ಒಕ್ಕಿಕೊಳ್ಳಲಿ, ಕತ್ತಲಾಗುವುದರೊಳಗೆ ಗುಡಿಸಿಕೊಂಡು ಹೋಗಲಿ ಎಂದಿದ್ದೆ. ಅದಕ್ಕೆ ಪ್ರತಿಯಾಗಿ ವಾರವೆಲ್ಲ ಒಂದು ಕುರಿಯೂ ರನ್‌ವೇಗೆ ಕಾಲಿಡದ ಹಾಗೆ ಅವರು ನೋಡಿಕೊಳ್ಳುತ್ತಿದ್ದರು. ಮೂರು ಸುಗ್ಗಿ ಹೀಗೆ ನಡೆಯಿತು. ಬೇಲಿ ಹಾಕಿಸಿಕೊಡಿ ಎಂದು ನಮ್ಮ ಮ್ಯಾನೇಜರಿಗೆ ಬರೆದು ಬರೆದು ಸಾಕಾಗಿದ್ದವನಿಗೆ ಬೇಲಿಗಿಂತ ಹಟ್ಟಿಯ ಅಜ್ಜಿಯೇ ವಾಸಿ ಅನ್ನಿಸಿತ್ತು. ಆಯಮ್ಮ ಒಂದು ಸಲ ಗದರಿದರೆ ಕುರಿ ಇರಲಿ, ನಾಯಿಗಳೂ ಬಾಲ ಮುದುರುತ್ತಿದ್ದವು.

ಆ ಸೋಮವಾರ ನಾನು ಸ್ಕೂಟರ್ ನಿಲ್ಲಿಸುವಾಗ ಏಳು ಗಂಟೆ ಆಗಿರಲಿಲ್ಲ. ಎಂದಿನಂತೆ ರನ್‌ವೇ ನೋಡಿಕೊಂಡು ಬರಲು ನಡೆದರೆ ಪಡುವಲ ತುದಿಯಲ್ಲಿ ಟಾರ್ಪಾಲು ಮುಚ್ಚಿದ ರಾಶಿ. ಪಕ್ಕದಲ್ಲಿ ಅಜ್ಜಿ ಕಂಬಳಿ ಹೊದ್ದು ಕೂತಿತ್ತು. ಭಾನುವಾರ ಒಕ್ಕಣೆ ಮುಗಿದಿತ್ತು, ತೂರುವುದು ಮಾತ್ರ ಬಾಕಿ.

"ನೆನ್ನೆ ಬೈಗಿಗೆ ಗಾಳಿ ಬರ್ನಿಲ್ಲ ಕಣಪ್ಪ," ಎಂದಿತು. "ಎಂಟ್ ಗಂಟೆ ಹೊತ್ಗೆ ಮೂಡ್ಲು ಗಾಳಿ ಎದ್ದೇ ಏಳ್ತದೆ. ತೂರ್ಕಂಡು ಒಂಬತ್ತಕ್ಕೆಲ್ಲ ಬಳ್ಕಂಡೋಯ್ತೀನಿ. ಅಲ್ಲೀಗಂಟ ನಿನ್ನ ಇಮಾನ ಆ ಕಡೆಯಿಂದ ಬುಟ್ಕೋ."

ಬೈಯಬೇಕಿತ್ತು. ಬೈಯಲೂ ಶಕ್ತಿ ಬೇಕು. ಹಿಂದಿನ ವಾರವೆಲ್ಲ ದಿನಕ್ಕೆ ಆರು ಗಂಟೆ ಹಾರಿ ನನ್ನ ಸೊಂಟ ಹಿಡಿದುಕೊಂಡಿತ್ತು. ಗಾಳಿಚೀಲ ನೋಡಿದೆ, ಒಗೆದು ಹರವಿದ ಲಂಗದ ಹಾಗೆ ಅಲ್ಲಾಡದೆ ನೇತಾಡುತ್ತಿತ್ತು. ಗಾಳಿಯೇ ಇಲ್ಲದಿದ್ದರೆ ಯಾವ ಕಡೆಯಿಂದ ಏರಿದರೂ ಒಂದೇ. ರಾಶಿಯಿಂದ ರನ್‌ವೇಯ ಪಡುವಲ ಕಾಲುಭಾಗ ಹೋಯಿತು, ಉಳಿದದ್ದು ನಮ್ಮ ಪುಟ್ಟ ವಿಮಾನಕ್ಕೆ ಧಾರಾಳ. ಮಾಮೂಲಿನಂತೆ ಪಡುವಲಿಂದ ಮೂಡಲಕ್ಕೆ ಏರುವ ಬದಲು, ತೆಂಗಿನ ತೋಟದ ತುದಿಯಿಂದ ಶುರುಮಾಡಿ ಪಡುವಲಕ್ಕೆ ಏರಿದರಾಯಿತು. ರಾಶಿಗೆ ಬಹಳ ಮುಂಚೆಯೇ ವಿಮಾನ ನೆಲ ಬಿಟ್ಟಿರುತ್ತದೆ. ಒಂಬತ್ತರವರೆಗೆ ಮಾತ್ರ ಅಜ್ಜಿ ಎಂದೆ. ಅಜ್ಜಿ ಹೂಂ ಅಂದಿತು.

ಗಾಳಿ ಎಂಟಕ್ಕೆ ಏಳುತ್ತದೆ ಎಂದು ಆಯಮ್ಮ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ರಾಗಿಯ ಮಾತು ಎಂದುಕೊಂಡೆನೇ ಹೊರತು ನನ್ನ ಕೆಲಸದ ಮಾತು ಎಂದುಕೊಳ್ಳಲಿಲ್ಲ.

ಅಂದು ಒಬ್ಬ ವಿದ್ಯಾರ್ಥಿನಿ ಮೊದಲ ಬಾರಿ ಒಬ್ಬಳೇ ಹಾರಬೇಕಿತ್ತು. ತುರುವೇಕೆರೆ ಕಡೆಯವಳು, ದಂಡಿನಶಿವರದ ಹತ್ತಿರದ ತೆಂಗಿನ ತೋಟದವರ ಮಗಳು. ಮಾತು ಕಡಿಮೆ, ಕೈ ಹಗುರ. ಒಮ್ಮೆ ಮಂಜು, ಒಮ್ಮೆ ಎಂಜಿನ್ ತಕರಾರು, ಒಮ್ಮೆ ನನಗೆ ಜ್ವರ, ಹೀಗೆ ಅವಳ ಒಂಟಿ ಹಾರಾಟ ಮೂರು ಸಲ ಮುಂದೆ ಹೋಗಿತ್ತು. ಇಂದು ಬೇಡ ಎಂದು ನಾಲ್ಕನೇ ಸಲ ಹೇಳಲು ನನಗೆ ಬಾಯಿ ಬರಲಿಲ್ಲ. ಶೆಡ್ಡಿನ ಬೋರ್ಡಿನಲ್ಲಿ ನನ್ನದೇ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಬೇರೊಂದು ಶಾಲೆಯ ವಿಮಾನ, ಬೆಳಿಗ್ಗೆ ಹತ್ತರೊಳಗೆ. ಹಿಂದಿನ ದಿನ ಫೋನ್ ಮಾಡಿ ತಿಳಿಸಿದ್ದರು.

ಏಳೂ ಕಾಲಿಗೆ ನಾವಿಬ್ಬರೂ ಹೊರಟೆವು. ಮೂರು ಸುತ್ತು. ತೋಟದ ತುದಿಯಿಂದ ಏರಿ, ಸುತ್ತು ಹೊಡೆದು, ತೆಂಗಿನ ಸುಳಿಗಳ ಮೇಲಿಂದ ಬಂದು ಇಳಿಯುವುದು. ಮೂರನೇ ಸಲ ಸ್ವಲ್ಪ ಉದ್ದಕ್ಕೆ ಓಡಿ, ರಾಶಿಯ ಆಚೀಚೆ ಚೆಲ್ಲಿದ್ದ ಕಾಳಿನ ಮೇಲೆ ಚಕ್ರ ಹಾಯಿತು. ಉಳಿದಂತೆ ಎಲ್ಲ ಸರಿಯಾಗಿತ್ತು. ಶೆಡ್ಡಿನ ಹತ್ತಿರ ಎಂಜಿನ್ ನಿಲ್ಲಿಸಲು ಹೇಳಿ, ನೀರು ಕುಡಿ, ಹತ್ತು ನಿಮಿಷ ಸುಧಾರಿಸಿಕೋ, ಆಮೇಲೆ ನೀನೊಬ್ಬಳೇ ಎಂದು ಇಳಿದೆ. ಅವಳ ಮುಖ ಅರಳಿತು.

ಆ ಹತ್ತು ನಿಮಿಷದಲ್ಲಿ ನಾನು ಕೈರೇಡಿಯೊ ಹಿಡಿದು ರಾಶಿಯ ಕಡೆ ನಡೆದೆ. ಹಟ್ಟಿಯ ನಾಲ್ಕೈದು ಹೆಂಗಸರು ಮೊರ ಹಿಡಿದು ಬಂದಿದ್ದರು. ಹುಡುಗಿ ಒಬ್ಬಳೇ ಹಾರುತ್ತಾಳೆ, ಟಾರಿನ ಒಂದು ಪಕ್ಕಕ್ಕೆ ಇರಿ ಎಂದು ಹೇಳಬೇಕಿತ್ತು. ರೇಡಿಯೊದ ಗೊರಗೊರದಲ್ಲಿ ಅಜ್ಜಿಗೆ ನನ್ನ ಮಾತು ಕೇಳಿಸದೆ ಸದ್ದು ತಗ್ಗಿಸಿದೆ. ಹೇಳುವುದನ್ನು ಹೇಳಿ, ಸದ್ದು ಏರಿಸಿಕೊಂಡು ಹಿಂದಿರುಗಿದೆ. ಬೋರ್ಡಿನಲ್ಲಿ ಬರೆದಿದ್ದ ಬೇರೆ ಶಾಲೆಯ ವಿಮಾನದ ಮೊದಲ ಕರೆ ಆ ನಡುವೆ ಬಂದು ಹೋಗಿತ್ತು. ನನಗೆ ಕೇಳಲಿಲ್ಲ. ಎಂಜಿನ್ ನಿಲ್ಲಿಸಿ ಕೂತಿದ್ದ ಹುಡುಗಿಯ ರೇಡಿಯೊ ಆಫ್ ಆಗಿತ್ತು.

ಹಿಂದಿರುಗುವಾಗ ಬೆನ್ನ ಹಿಂದೆ ಹೆಂಗಸರು ತೂರಲು ಶುರುಮಾಡಿದ್ದು ನೆನಪಿದೆ. ಹೊಟ್ಟು ಪಡುವಲಕ್ಕೆ ಹಾರುತ್ತಿತ್ತು. ಅಂದರೆ ಗಾಳಿ ಮೂಡಲಿಂದ ಎದ್ದಿತ್ತು, ಅಜ್ಜಿ ಹೇಳಿದ ಹೊತ್ತಿಗೇ. ಈಗ ಹುಡುಗಿ ಏರಬೇಕಾದದ್ದು ಗಾಳಿಯನ್ನು ಬೆನ್ನಿಗಿಟ್ಟುಕೊಂಡು. ಸಣ್ಣ ಗಾಳಿ, ಪರವಾಗಿಲ್ಲ ಎಂದುಕೊಂಡೆ. ಹೊಸದಾಗಿ ಬರುವವನು ಆ ಸಣ್ಣ ಗಾಳಿಯನ್ನೇ ನೋಡಿ ಎದುರು ದಿಕ್ಕಿನಿಂದ ಇಳಿಯುತ್ತಾನೆ ಎಂಬುದು ಹೊಳೆಯಲಿಲ್ಲ.

ಅವಳು ಎಂಜಿನ್ ಹಾಕಿ ತೋಟದ ತುದಿಗೆ ಹೋಗಿ, ತಿರುಗಿ ನಿಂತು, ಪಡುವಲಕ್ಕೆ ಏರುತ್ತಿದ್ದೇನೆ ಎಂದು ಚಿಕ್ಕದಾಗಿ, ಅಚ್ಚುಕಟ್ಟಾಗಿ ಕರೆ ಕೊಟ್ಟಳು. ನಾನು ಕಟ್ಟೆಯ ಮೇಲೆ ನಿಂತು ಗುಂಡಿ ಒತ್ತಿದೆ. ಸರಿ, ಹೊರಡು ಎಂದು ಹೇಳಿ ಬೆರಳು ತೆಗೆದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನಮ್ಮ ಕಡೆ ಮಕ್ಕಳನ್ನು ಒಂದೇ ಮಾತಿನಲ್ಲಿ ಕಳಿಸಿ ಗೊತ್ತಿಲ್ಲ. ಬಸ್ಸು ಹತ್ತಿಸಲು ಬಂದವರು ಬಸ್ಸಿನ ಪಕ್ಕದಲ್ಲೇ ನಡೆಯುತ್ತಾ ಕಿಟಕಿಯಲ್ಲಿ ಹೇಳುತ್ತಲೇ ಇರುತ್ತಾರೆ. ನಾನೂ ಹೇಳಿದೆ. ಹೆದರ್ಬೇಡ ಕಣಮ್ಮ, ನಾನಿಲ್ಲದ್ದಕ್ಕೆ ವಿಮಾನ ಹಗುರ ಇರ್ತದೆ, ಬೇಗ ಏಳ್ತದೆ, ಮೂಗು ಜಾಸ್ತಿ ಎತ್ತಬೇಡ, ರಾಶಿ ನೋಡಿ ಗಾಬರಿ ಬೀಳಬೇಡ, ಇಳಿಯುವಾಗ ಅವಸರ ಮಾಡಬೇಡ, ಒಳ್ಳೇದಾಗ್ಲಿ. ಅರ್ಧ ನಿಮಿಷವೋ ಇನ್ನೂ ಸ್ವಲ್ಪ ಹೆಚ್ಚೋ. ಅಷ್ಟು ಹೊತ್ತೂ ನನ್ನ ಹೆಬ್ಬೆರಳು ಗುಂಡಿಯ ಮೇಲಿತ್ತು. ಅದೇ ಅರ್ಧ ನಿಮಿಷದಲ್ಲಿ ಆಚೆಯ ಪೈಲಟ್, ಪಡುವಲಿಂದ ನೇರ ಬರುತ್ತಿದ್ದೇನೆ, ಇಳಿಯುತ್ತಿದ್ದೇನೆ ಎಂದು ಎರಡು ಸಲ ಕರೆದಿದ್ದ. ಅವಳ ಕಿವಿಗೆ ಬಿದ್ದದ್ದು ನನ್ನ ಆಶೀರ್ವಾದ ಮತ್ತು ನಡುವೆ ಒಂದು ಕೀರಲು ಸದ್ದು.

ಅವಳು ಓಡತೊಡಗಿದಳು. ನಾನು ತೃಪ್ತಿಯಿಂದ ಪಡುವಲದ ಕಡೆ ತಿರುಗಿದೆ. ರಾಗಿ ಹೊಲದ ಮೇಲೆ, ಹೆಂಗಸರ ತಲೆಯಿಂದ ಬಹಳ ಎತ್ತರವೇನಲ್ಲ, ಒಂದು ವಿಮಾನದ ದೀಪ.

ಅದರ ಪೈಲಟ್‌ಗೆ ಬೆಳಗಿನ ಸೂರ್ಯ ಕಣ್ಣಿಗೇ ಹೊಡೆಯುತ್ತಿದ್ದ. ತೋಟದ ನೆರಳಿನಿಂದ ಓಡಿ ಬರುವ ಬಿಳಿ ವಿಮಾನ ಅವನಿಗೆ ಕಾಣುವಂತಿರಲಿಲ್ಲ. ಅವನಿಗೆ ಕಂಡದ್ದು ಕೊನೇ ಗಳಿಗೆಯಲ್ಲಿ ಮೂಗಿನ ಕೆಳಗೇ ಇದ್ದ ರಾಶಿ, ಮೊರ ಬಿಸಾಡಿ ಓಡುತ್ತಿದ್ದ ಹೆಂಗಸರು. ಗಕ್ಕನೆ ಮೇಲೆಳೆದು ರಾಶಿ ದಾಟಿಸಿ, ತೇಲಿಕೊಂಡು ಮುಂದೆ ಬಂದು ಟಾರಿಗೆ ಚಕ್ರ ಇಟ್ಟ. ಈಗ ಒಂದೇ ಟಾರಿನ ಮೇಲೆ ಇಬ್ಬರು ಎದುರುಬದುರು.

"ನಿಲ್ಸು. ಬ್ರೇಕ್ ಹಿಡಿ. ಎಡಕ್ಕೆ, ಹುಲ್ಲಿಗೆ ಹೋಗು," ಎಂದೆ. ಈ ಸಲ ಚಿಕ್ಕದಾಗಿಯೇ ಹೇಳಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹೇಳಿದಂತೆಯೇ ಮಾಡಿದಳು. ಎಂಜಿನ್ ವೇಗ ಇಳಿಸಿದಳು, ಬ್ರೇಕ್ ಹಿಡಿದಳು, ಎಡಕ್ಕೆ ತಿರುಗಿಸಿದಳು. ವಿಮಾನ ಟಾರು ಬಿಟ್ಟು ಹುಲ್ಲಿಗೆ ಇಳಿದು, ಮಳೆನೀರಿನ ಚರಂಡಿಗೆ ಮುಂದಿನ ಚಕ್ರ ಕೊಟ್ಟು ಮೂಗು ಮುಗ್ಗರಿಸಿ ನಿಂತಿತು. ಪ್ರೊಪೆಲ್ಲರ್ ನೆಲಕ್ಕೆ ಹೊಡೆದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಇನ್ನೊಂದು ವಿಮಾನ ಅವಳು ಬಿಟ್ಟುಕೊಟ್ಟ ಜಾಗದಲ್ಲೇ ಹಾಯ್ದು ಹೋಗಿ ತೋಟದ ತುದಿಯಲ್ಲಿ ನಿಂತಿತು.

ಓಡಿದೆ. ಓಡಿದೆ ಎಂದರೆ ನನ್ನ ಸೊಂಟ ಬಿಟ್ಟಷ್ಟು. ಅವಳು ಬಾಗಿಲು ತೆಗೆದು ತಾನೇ ಇಳಿದು ನಿಂತಿದ್ದಳು. ಎಲ್ಲ ಸ್ವಿಚ್ ಆಫ್ ಮಾಡಿದ್ದೇನೆ ಸಾರ್ ಎಂದಳು. ಹಣೆಯಲ್ಲಿ ಒಂದು ಸಣ್ಣ ಬುಗುಟು, ಅಷ್ಟೇ. ನಾನು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ. ಅಜ್ಜಿ ಏದುಸಿರು ಬಿಡುತ್ತಾ ಬಂದು ಅವಳ ಕೆನ್ನೆ ಸವರಿತು. "ತಲೆಗ್ ಬಂದಿದ್ದು ರುಮಾಲಿಗೆ ಹೋಯ್ತು ಬುಡವ್ವ," ಎಂದಿತು. ಆಮೇಲೆ ಹಟ್ಟಿಯವರೆಲ್ಲ ಸೇರಿ ತೂರಿದ್ದು ತೂರದ್ದು ಎಲ್ಲವನ್ನೂ ಟಾರ್ಪಾಲಿನಲ್ಲಿ ಬಾಚಿ ಎಳೆದುಕೊಂಡು ಹೋದರು. ಕಾಲು ಗಂಟೆಯಲ್ಲಿ ಟಾರು ಗುಡಿಸಿಟ್ಟ ಪಡಸಾಲೆಯಂತಾಯಿತು.

ಮಧ್ಯಾಹ್ನ ತಿಪಟೂರಿನಿಂದ ಮ್ಯಾನೇಜರ್ ಬಂದರು. ಕೆಟ್ಟ ಮನುಷ್ಯರಲ್ಲ, ಅವರಿಗೂ ಸಾಕಾಗಿತ್ತು. ಪ್ರೊಪೆಲ್ಲರ್ ನೆಲಕ್ಕೆ ಬಡಿದಿದೆ, ಆದ್ದರಿಂದ ವಿಮಾನಯಾನ ಇಲಾಖೆಗೆ ವರದಿ ಹೋಗಲೇಬೇಕು. ಆಚೆಯ ಪೈಲಟ್ ತನ್ನ ಹೇಳಿಕೆ ಬರೆದುಕೊಟ್ಟಿದ್ದ: ಮೂರು ಸಲ ಕರೆದೆ, ಉತ್ತರ ಬರಲಿಲ್ಲ, ಒಂದು ಕರೆ ಅರ್ಧ ಕೇಳಿತು, ದಿಕ್ಕು ತಿಳಿಯಲಿಲ್ಲ, ಯಾರೋ ಕನ್ನಡದಲ್ಲಿ ಮಾತಾಡುತ್ತಿದ್ದರು, ರನ್‌ವೇ ತುದಿಯಲ್ಲಿ ಏನೋ ಇತ್ತು. ಆ ಏನೋ ಈಗ ಇರಲಿಲ್ಲ. ಮ್ಯಾನೇಜರ್ ಟಾರಿನ ಮೇಲೆ ಉದ್ದಕ್ಕೂ ನಡೆದು ಬಂದು ಒಂದು ಕರಡು ಮಾಡಿದರು. ಒಂಟಿ ಹಾರಾಟದ ಆರಂಭದಲ್ಲಿ ವಿದ್ಯಾರ್ಥಿನಿ ಗಾಬರಿಯಿಂದ ದಿಕ್ಕಿನ ಹಿಡಿತ ತಪ್ಪಿ ರನ್‌ವೇ ಬಿಟ್ಟು ಹೊರಹೋದಳು. ಕಲಿಯುವವರು ತಪ್ಪು ಮಾಡುತ್ತಾರೆ, ಯಾರೂ ದೊಡ್ಡದು ಮಾಡುವುದಿಲ್ಲ, ಒಂದಷ್ಟು ತಿಂಗಳು ಬಿಟ್ಟು ಅವಳು ಮತ್ತೆ ಮೊದಲಿಂದ ಶುರುಮಾಡಬಹುದು ಎಂದರು. ರಾಶಿಯ ವಿಷಯ ಬಂದರೆ ಏರ್‌ಸ್ಟ್ರಿಪ್ ಮುಚ್ಚುತ್ತದೆ, ನಿಮ್ಮ ಲೈಸೆನ್ಸೂ ಹೋಗುತ್ತದೆ, ಎಲ್ಲ ವಿದ್ಯಾರ್ಥಿಗಳೂ ಬೀದಿಗೆ ಬೀಳುತ್ತಾರೆ ಎಂದರು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಇದನ್ನೆಲ್ಲ ನಾನು ತಲೆ ತಗ್ಗಿಸಿ ಕೇಳಿದೆ. ಒಳಗೊಳಗೆ ಹಗುರವೂ ಆಯಿತು. ನಾಚಿಕೆಯಾಗುತ್ತದೆ, ಆದರೆ ಆಯಿತು.

ಕರಡನ್ನು ಹುಡುಗಿಯ ಮುಂದಿಟ್ಟರು. ಅವಳು ಎರಡು ಸಲ ಓದಿದಳು. ಅವಳು ವಾದ ಮಾಡುತ್ತಾಳೆ, ಆಗ ನಾನು ಏನಾದರೂ ಹೇಳಬೇಕಾಗುತ್ತದೆ ಎಂದು ಕಾದಿದ್ದೆ. ಅವಳು ನನ್ನ ಕಡೆ ತಿರುಗಿದಳು.

"ನೀವು ಎಡಕ್ಕೆ ಅಂದ್ರೋ, ನಾನೇ ತಿರುಗಿಸಿದ್ನೋ, ನಂಗೆ ನೆನಪೇ ಬತ್ತಿಲ್ಲ ಸಾರ್. ನಾನೇ ಗಾಬರಿ ಆದ್ನೇನೋ. ಸೈನ್ ಮಾಡ್ಲಾ?"

ಅಷ್ಟರಲ್ಲಿ ಮೆಕ್ಯಾನಿಕ್ ಶೆಡ್ಡಿನ ಒಳಗಿಂದ ಬಂದ. ಚಕ್ರದ ಮೇಲಿನ ಕವಚ ಬಿಚ್ಚಿದ್ದನಂತೆ. ಕೈಯಲ್ಲಿ ಎಣ್ಣೆ ಬಟ್ಟೆ, ಅದರಲ್ಲಿ ಒಂದು ಹಿಡಿ ರಾಗಿ, ಒಂದಿಷ್ಟು ಹೊಟ್ಟು. ನಮ್ಮ ಮೂರನೇ ಸುತ್ತಿನಲ್ಲಿ ಕಾಳಿನ ಮೇಲೆ ಹಾಯ್ದದ್ದು. ಅವನು ಅದನ್ನು ಮ್ಯಾನೇಜರ್ ಮುಂದೆ ಇಡಲಿಲ್ಲ, ನನ್ನ ಮುಂದೆ ಇಟ್ಟ.

"ಇದನ್ನ ಬಿಸಾಕ್ಲಾ, ಇಟ್ಕೊಳ್ಳಾ ಸಾರ್?" ಎಂದ. ಕರಡಿನ ಕಡೆ ಒಮ್ಮೆ ನೋಡಿ, ಯಾರಿಗೂ ಅಲ್ಲದ ಹಾಗೆ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದು ಒಳಗೆ ಹೋದ.

ಹುಡುಗಿಯ ಪೆನ್ನು ಕಾಗದದ ಮೇಲಿತ್ತು. ನನಗೆ ಆ ಗಳಿಗೆಯಲ್ಲಿ ದೊಡ್ಡ ಧರ್ಮವೇನೂ ನೆನಪಾಗಲಿಲ್ಲ. ನೆನಪಾದದ್ದು ಇಷ್ಟೇ: ಅವಳು ಸಹಿ ಹಾಕಿದರೆ, ಎಡಕ್ಕೆ ತಿರುಗಿಸಿದ್ದು ತಪ್ಪು ಎಂದು ಜೀವನವಿಡೀ ನಂಬುತ್ತಾಳೆ. ಮುಂದೆ ಎಂದಾದರೂ ಮತ್ತೆ ತಿರುಗಿಸಬೇಕಾಗಿ ಬಂದಾಗ ಕೈ ತಡೆಯುತ್ತದೆ. ನಾನು ಅವಳಿಗೆ ಕಲಿಸಿದ ಕೊನೆಯ ಪಾಠ ಅದಾಗುತ್ತದೆ.

"ಮಾಡ್ಬೇಡ ಕಣಮ್ಮ," ಎಂದೆ. "ಎಡಕ್ಕೆ ಅಂದಿದ್ದು ನಾನು. ನೀನು ಸರಿಯಾಗಿ ತಿರುಗ್ಸಿದೆ."

ಮ್ಯಾನೇಜರ್ ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ನಾನು ಬಿಳಿ ಹಾಳೆ ಕೇಳಿ ತೆಗೆದುಕೊಂಡು ಬರೆದೆ. ರಾಶಿ, ಮೂರು ಸುಗ್ಗಿಯ ಒಪ್ಪಂದ, ತಿರುಗಿಸಿದ ದಿಕ್ಕು, ತಗ್ಗಿಸಿದ ಸದ್ದು, ಅರ್ಧ ನಿಮಿಷದ ಆಶೀರ್ವಾದ. ಅನುಮತಿ ಕೊಟ್ಟದ್ದು ನಾನು, ಹಟ್ಟಿಯವರದ್ದು ತಪ್ಪಿಲ್ಲ ಎಂದೂ ಬರೆದೆ. ಬರೆದು ಮುಗಿಸುವ ಹೊತ್ತಿಗೆ ಚಹಾ ತಣ್ಣಗಾಗಿ ಕೆನೆ ಕಟ್ಟಿತ್ತು.

ಮ್ಯಾನೇಜರ್ ಹೇಳಿದಂತೆಯೇ ಆಯಿತು. ಏರ್‌ಸ್ಟ್ರಿಪ್ ಮುಚ್ಚಿತು. ವಿಚಾರಣೆಗೆ ಬಂದವರು ಅದೇ ಪ್ರಶ್ನೆಗಳನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿದರು, ನಾನು ಅದೇ ಉತ್ತರಗಳನ್ನು ಕೊಟ್ಟೆ. ಕಲಿಸುವ ನನ್ನ ಅಧಿಕಾರ ವಾಪಸ್ ಹೋಯಿತು. ಇಬ್ಬರು ವಿದ್ಯಾರ್ಥಿಗಳು ಬೇರೆ ಊರಿಗೆ ಹೋದರು, ಹೋಗುವಾಗ ನನ್ನನ್ನು ಮಾತಾಡಿಸಲಿಲ್ಲ. ಮೂರು ವರ್ಷ ಕೇಳಿದರೂ ಬಾರದ ತಂತಿ ಬೇಲಿ ಮೂರು ವಾರದಲ್ಲಿ ಬಂತು. ಅಜ್ಜಿ ಒಂದು ದಿನ ಬೇಲಿಯ ಆಚೆ ನಿಂತು, ನೀನು ಹೂಂ ಅಂದಿದ್ದಕ್ಕೆ ತಾನೇ ನಾವು ಹರಡಿದ್ದು, ಮುಂದಿನ ಸುಗ್ಗಿಗೆ ಎಲ್ಲಿ ಒಕ್ಕಬೇಕು ಎಂದು ಕೇಳಿತು. ಆಮೇಲೆ ತಾನೇ, ಹುಡುಗಿ ಉಳೀತಲ್ಲ ಬುಡು ಎಂದು ಕುರಿ ಹೊಡೆದುಕೊಂಡು ಹೋಯಿತು.

ಯುಗಾದಿ ಕಳೆದು ಎಷ್ಟೋ ದಿನದ ಮೇಲೆ ಏರ್‌ಸ್ಟ್ರಿಪ್ ಮತ್ತೆ ತೆರೆಯಿತು. ಕಲಿಸಲು ಹೊಸಬರೊಬ್ಬರು ಬಂದರು, ನನ್ನ ಮಗನ ವಯಸ್ಸಿನವರು. ನನ್ನನ್ನು ರನ್‌ವೇ ನೋಡಿಕೊಳ್ಳುವ ಕೆಲಸಕ್ಕೆ ಇಟ್ಟುಕೊಂಡರು. ಕಸ, ಕಲ್ಲು, ಗಾಳಿಚೀಲ, ರೇಡಿಯೊ. ಮತ್ತೆ ಕಲಿಯಲು ಬಂದ ಅದೇ ಹುಡುಗಿಯ ಒಂಟಿ ಹಾರಾಟದ ದಿನ ಬೆಳಿಗ್ಗೆ ನಾನು ಮೊದಲು ಬೇಲಿಯ ಹತ್ತಿರ ಹೋದೆ. ಅಜ್ಜಿ ಕುರಿ ಮೇಯಿಸುತ್ತಿತ್ತು. ಇವತ್ತು ಗಾಳಿ ಹೆಂಗಜ್ಜಿ ಎಂದು ಕೇಳಿದೆ.

"ಈಗ ಕೇಳಕ್ಕೆ ಬಂದ್ಯಾ," ಎಂದಿತು. ಆಮೇಲೆ ಮುಖ ಎತ್ತಿ ನೋಡಿ, ಪಡುವಲ ಗಾಳಿ, ಬಿಸಿಲೇರುವವರೆಗೂ ತಿರುಗುವುದಿಲ್ಲ ಎಂದಿತು. ಹೊಸಬರಿಗೆ ಹಾಗೆಯೇ ತಿಳಿಸಿದೆ. ಅವರು ಗಾಳಿಚೀಲ ನೋಡಿ ತಲೆಯಾಡಿಸಿದರು.

ಹೊರಡು ಎಂದು ಅವರು ಒಂದೇ ಮಾತು ಹೇಳಿದರು. ಅವಳು ಏರಿದಳು. ನಾನು ಕೈರೇಡಿಯೊವನ್ನು ಕಟ್ಟೆಯ ಮೇಲಿಟ್ಟು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿ ಕೂತೆ. ಸುತ್ತಿನ ಒಂದೊಂದು ಮೂಲೆಯಲ್ಲೂ ಅವಳು ತಾನೆಲ್ಲಿದ್ದೇನೆ ಎಂದು ಕರೆ ಕೊಟ್ಟಳು. ಪ್ರತಿ ಕರೆಯ ನಂತರ ಒಂದು ಖಾಲಿ ಜಾಗ. ಆ ಒಂದೊಂದು ಜಾಗಕ್ಕೂ ನನ್ನ ಬಾಯಲ್ಲಿ ಮಾತು ಬಂತು. ಎತ್ತರ ನೋಡಿಕೋ, ವೇಗ ನೋಡಿಕೋ, ತೋಟದ ಮೇಲೆ ಅವಸರ ಮಾಡಬೇಡ. ನುಂಗಿಕೊಂಡೆ. ತೆಂಗಿನ ಸುಳಿಗಳ ಮೇಲಿಂದ ಬಂದು ಟಾರಿಗೆ ಚಕ್ರ ಇಟ್ಟಳು. ಸದ್ದೇ ಆಗಲಿಲ್ಲ. ನನಗೆ ಕಣ್ಣು ಮಂಜಾಯಿತು, ಯಾಕೆ ಸುಳ್ಳು ಹೇಳಲಿ.

ಎಂಜಿನ್ ನಿಲ್ಲಿಸಿ, ಹೊಸಬರಿಗೆ ಕೈಕೊಟ್ಟು, ಅವಳು ಕಟ್ಟೆಯ ಹತ್ತಿರ ಬಂದಳು.

"ಸಾರ್, ನಿಮ್ಮ ರೇಡಿಯೊ ಆಫ್ ಆಗಿತ್ತಾ? ಒಂದ್ ಮಾತೂ ಬರ್ಲಿಲ್ಲ."

"ಆನ್ ಆಗೇ ಇತ್ತು ಕಣಮ್ಮ," ಎಂದೆ. "ಕೇಳಿಸ್ಕೊಳ್ತಿದ್ದೆ."